ರೆಸ್ಟೋರೇಟಿವ್ ಜಸ್ಟಿಸ್ ಫೆಸಿಲಿಟೇಟರ್‌ಗಳಿಗೆ ತರಬೇತಿ ರೂಪಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮಕ್ಕಳ ಜೊತೆ, ಕಾಲೇಜು ಹಾಸ್ಟೆಲ್‌ಗಳಲ್ಲಿ, ಬಡಾವಣೆಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳು ಈಚೆಗೆ "ನಮ್ಮವರಿಗೂ ಫೆಸಿಲಿಟೇಟರ್ ತರಬೇತಿ ಮಾಡಿಸಬೇಕು" ಅಂತ ಕೇಳುತ್ತಿವೆ. ಕೇಳುವಷ್ಟರಲ್ಲಿ ಅವರ ಕೈಯಲ್ಲಿ ಒಂದು ವೇಳಾಪಟ್ಟಿ ಸಿದ್ಧವಾಗಿರುತ್ತದೆ: ಎರಡು ದಿನ, ಹೋಟೆಲ್ ಹಾಲ್, ಪ್ರೊಜೆಕ್ಟರ್, ಕೊನೆಗೆ ಸರ್ಟಿಫಿಕೇಟ್ ಮತ್ತು ಗ್ರೂಪ್ ಫೋಟೋ. ಆ ವೇಳಾಪಟ್ಟಿಯನ್ನು ತಿದ್ದಿಕೊಳ್ಳಲು ಬೇಕಾದ ಉತ್ತರಗಳು ಕೆಳಗಿವೆ.

ರೆಸ್ಟೋರೇಟಿವ್ ಜಸ್ಟಿಸ್ ಅಂದ್ರೆ ಏನು? ಚಿಕ್ಕದಾಗಿ ಹೇಳಿ.

ತಪ್ಪು ನಡೆದಾಗ ಕೋರ್ಟು ಮುಖ್ಯವಾಗಿ ನೋಡುವುದು ಯಾವ ಕಾನೂನು ಮುರಿಯಿತು, ಯಾರು ಮುರಿದರು, ಏನು ಶಿಕ್ಷೆ ಅಂತ. ಇಲ್ಲಿ ಕೇಳುವ ಪ್ರಶ್ನೆಗಳು ಬೇರೆ. ಯಾರಿಗೆ ಪೆಟ್ಟಾಯಿತು? ಅವರಿಗೆ ಈಗ ಏನು ಬೇಕು? ಅದನ್ನು ಸರಿಪಡಿಸುವ ಹೊಣೆ ಯಾರದು? ಅಮೆರಿಕದ ಹೊವಾರ್ಡ್ ಜೆರ್ ಈ ಪ್ರಶ್ನೆಗಳನ್ನು ಹೀಗೆ ಬಿಡಿಸಿ ಇಟ್ಟವರು. ನೊಂದವರು, ನೋವು ಮಾಡಿದವರು, ಇಬ್ಬರ ಕಡೆಯವರು ತಾವಾಗಿ ಒಪ್ಪಿದರೆ ಎದುರುಬದುರು ಕೂತು ಮಾತಾಡುತ್ತಾರೆ. ಆ ಮಾತುಕತೆ ನಡೆಸಿಕೊಡುವವರೇ ಫೆಸಿಲಿಟೇಟರ್. ತೀರ್ಪು ಕೊಡುವ ಅಧಿಕಾರ ಅವರಿಗೆ ಇಲ್ಲ.

ಇದು ನಮ್ಮ ಅರಳಿಕಟ್ಟೆ ಪಂಚಾಯ್ತಿ ತಾನೇ? ಅದಕ್ಕೂ ತರಬೇತಿ ಬೇಕಾ?

ಈ ಪ್ರಶ್ನೆ ಬರದ ಬ್ಯಾಚೇ ಇಲ್ಲ. ಕೂತು ಮಾತಾಡಿ ಬಗೆಹರಿಸಿಕೊಳ್ಳುವುದು ನಮಗೆ ಹೊಸದಲ್ಲ, ನಿಜ. ಆದರೆ ಕಟ್ಟೆ ಮೇಲೆ ಕೂತವರು ಯಾರು, ಕೆಳಗೆ ಕೈಕಟ್ಟಿ ನಿಂತವರು ಯಾರು? ಅಲ್ಲಿ ಹೆಂಗಸರ ಮಾತು ಎಷ್ಟು ನಡೆಯುತ್ತಿತ್ತು, ದಲಿತರ ಮಾತು ಎಷ್ಟು ನಡೆಯುತ್ತಿತ್ತು? ದಂಡ ಹಾಕುತ್ತಿದ್ದದ್ದು, ಬಹಿಷ್ಕಾರ ಹಾಕುತ್ತಿದ್ದದ್ದು ಅದೇ ಕಟ್ಟೆ. ನಗರದಲ್ಲಿ ಅದರ ಜಾಗಕ್ಕೆ ಸ್ಟೇಷನ್ ರಾಜಿ ಬಂದಿದೆ. ಎರಡೂ ಕಡೆಯವರನ್ನು ಕರೆಸು, ನಾಲ್ಕು ಮಾತು ಬೈಯಿ, ಮುಚ್ಚಳಿಕೆ ಬರೆಸಿಕೋ, ಮನೆಗೆ ಕಳಿಸು. ಫೈಲು ಮುಗಿಯುತ್ತದೆ. ಆದರೆ, ಉದಾಹರಣೆಗೆ, ಫೋನ್ ಕಳೆದುಕೊಂಡು ಪೆಟ್ಟು ತಿಂದವನಿಗೆ "ನನ್ನನ್ನೇ ಯಾಕೆ ಹಿಡಿದರು" ಅನ್ನೋದು ಕೊನೆಗೂ ಗೊತ್ತಾಗಿರುವುದಿಲ್ಲ.

ತರಬೇತಿ ಬೇಕಾಗಿರೋದು ಈ ಅಭ್ಯಾಸ ಬಿಡಿಸೋದಕ್ಕೇ. ರಾಜಿ ಮಾಡಿಸುವುದರಲ್ಲಿ ಪಳಗಿದವರು ನಮ್ಮಲ್ಲಿ ಬಹಳ ಇದ್ದಾರೆ. ಬಡಾವಣೆ ಸಂಘದ ಕಾರ್ಯದರ್ಶಿ, ಹಿರಿಯ ಮೇಷ್ಟ್ರು, ಅನುಭವಿ ವಕೀಲರು. ನಾನು ನೋಡಿದ ಹಾಗೆ ಕಲಿಸೋದು ಜಾಸ್ತಿ ಕಷ್ಟ ಆಗೋದು ಇವರಿಗೇ. ಮಾತು ಶುರುವಾಗಿ ಮೂರು ನಿಮಿಷ ಆಗಿರುವುದಿಲ್ಲ, ಅವರ ತಲೆಯಲ್ಲಿ ಪರಿಹಾರ ತಯಾರಾಗಿರುತ್ತದೆ.

ಇದು ಎಲ್ಲಿ ಶುರುವಾಯಿತು? ಇತಿಹಾಸಕ್ಕೆ ಎಷ್ಟು ಹೊತ್ತು ಕೊಡಬೇಕು?

ಒಂದು ಗಂಟೆ ಸಾಕು. ಅದರಲ್ಲಿ ಎರಡು ಕಥೆ ಹೇಳಿ.

ಮೊದಲನೆಯದು 1974ರದ್ದು. ಕೆನಡಾದ ಒಂಟಾರಿಯೋದಲ್ಲಿ ಎಲ್ಮೈರಾ ಅನ್ನೋ ಊರು. ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಆಸ್ತಿ ಹಾಳು ಮಾಡಿದರು. ಪ್ರೊಬೇಷನ್ ಅಧಿಕಾರಿ (ಜೈಲಿಗೆ ಕಳಿಸದೆ ಬಿಟ್ಟವರ ಮೇಲೆ ನಿಗಾ ಇಡುವವರು) ಮಾರ್ಕ್ ಯಾಂಟ್ಜಿ "ಇವರು ಹೋಗಿ ಆ ಮನೆಯವರನ್ನೇ ಭೇಟಿಯಾದರೆ ಹೇಗೆ" ಅಂತ ಕೇಳಿದರು. ಜಡ್ಜ್ ಒಪ್ಪಿದರು. ಹುಡುಗರು ಮನೆಮನೆಗೆ ಹೋಗಿ ಬಾಗಿಲು ತಟ್ಟಿದರು, ನಷ್ಟದ ಲೆಕ್ಕ ಕೇಳಿಕೊಂಡರು, ಆಮೇಲೆ ಹಣ ಕಟ್ಟಿಕೊಟ್ಟರು. ಕೇಳೋಕೆ ಚೆನ್ನಾಗಿದೆ. ಆದರೆ ಇವತ್ತು ಯಾರ ಬಾಗಿಲನ್ನೂ ಹಾಗೆ ಹೇಳದೆ ಕೇಳದೆ ತಟ್ಟುವಂತಿಲ್ಲ. ಯಾಕೆ ಅಂತ ತರಗತಿಯಲ್ಲೇ ಚರ್ಚೆಗೆ ಬಿಡಿ. ಕಾರಣಗಳನ್ನು ಕಲಿಯುವವರೇ ಹೇಳುತ್ತಾರೆ.

ಎರಡನೆಯದು ನ್ಯೂಜಿಲೆಂಡ್. 1989ರ ಕಾನೂನಿನಲ್ಲಿ ಮಕ್ಕಳ ಪ್ರಕರಣಗಳಿಗೆ ಕುಟುಂಬ ಸಭೆ ತಂದರು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಒತ್ತಾಯ, ಅವರು ಕುಟುಂಬವನ್ನು ನೋಡುವ ರೀತಿ ಅದರ ಹಿಂದಿತ್ತು. ಆ ಸಭೆಯ ನಡುವೆ ಒಂದು ಹೊತ್ತು ಕುಟುಂಬದವರನ್ನು ಮಾತ್ರ ಕೋಣೆಯಲ್ಲಿ ಬಿಟ್ಟು ಅಧಿಕಾರಿಗಳೆಲ್ಲ ಹೊರಗೆ ಹೋಗುತ್ತಾರೆ. ನಡೆಸಿಕೊಡುವವರೂ ಎದ್ದು ಹೋಗುತ್ತಾರೆ! ಈ ಮಾತು ಹೇಳಿದ ಕೂಡಲೇ ತರಗತಿಯಲ್ಲಿ ಗುಸುಗುಸು ಏಳುತ್ತದೆ. ಏಳಲಿ.

ಎಷ್ಟು ದಿನದ ತರಬೇತಿ ಬೇಕು? ಎರಡು ದಿನದಲ್ಲಿ ಆಗಲ್ವಾ?

ಪರಿಚಯ ಮಾಡಿಕೊಡಲು ಎರಡು ದಿನ ಆಗುತ್ತದೆ. ಜನರ ನೋವಿನ ನಡುವೆ ಕೂರಿಸಲು ಆಗುವುದಿಲ್ಲ. ಹೋಲಿಸಿ ನೋಡಿ: 2007ರಲ್ಲಿ ಶುರುವಾದ ಬೆಂಗಳೂರು ಮೀಡಿಯೇಷನ್ ಸೆಂಟರ್‌ನಂಥ ಕೋರ್ಟ್ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಕೂರುವವರಿಗೆ 40 ಗಂಟೆಯ ತರಬೇತಿ ಇದೆ. ಅಲ್ಲಿ ಬರುವುದು ಬಹುಪಾಲು ಆಸ್ತಿ, ಹಣ, ಸಂಸಾರದ ವ್ಯಾಜ್ಯ. ಹಲ್ಲೆ, ಕಳ್ಳತನದ ನಂತರ ಎರಡು ಕಡೆಯವರನ್ನು ಎದುರುಬದುರು ಕೂರಿಸುವವರಿಗೆ ಅದಕ್ಕಿಂತ ಕಡಿಮೆ ಸಾಲುತ್ತಾ?

ನಾನು ಹೇಳುವ ಲೆಕ್ಕ ಹೀಗಿದೆ. ಮೊದಲು ಮೂರು ದಿನ. ಆಮೇಲೆ ಒಂದು ತಿಂಗಳಷ್ಟು ಬಿಡುವು. ಈ ಬಿಡುವಿನಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸದ ಜಾಗದಲ್ಲೇ ಸಣ್ಣಪುಟ್ಟ ವಿಷಯಕ್ಕೆ ಈ ರೀತಿ ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿ ಬರೆದುಕೊಂಡು ಬರಬೇಕು. ನಂತರ ಮತ್ತೆ ಎರಡು ದಿನ. ಆಮೇಲೆ ಅನುಭವಿಗಳ ಜೊತೆ ಜೋಡಿಯಾಗಿ ಕೂತು ಕಲಿಯುವ ಹಂತ. ಸತತ ಐದು ದಿನ ಕೂರಿಸಿದರೆ ಗಂಟೆ ಅಷ್ಟೇ ಆಗುತ್ತದೆ, ಆದರೆ ನಡುವಿನ ತಿಂಗಳಲ್ಲಿ ಹುಟ್ಟುವ ಪ್ರಶ್ನೆಗಳು ಹುಟ್ಟುವುದಿಲ್ಲ. ಎರಡನೇ ಸುತ್ತಿಗೆ ಬಂದಾಗ ಜನ ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ಆ ಐದು ದಿನದಲ್ಲಿ ಯಾವುದಕ್ಕೆ ಜಾಸ್ತಿ ಸಮಯ?

ಅರ್ಧ ಸಮಯ ತಯಾರಿ ಭೇಟಿಗಳಿಗೆ ಕೊಡಿ. ಅಂದರೆ ಎಲ್ಲರೂ ಒಟ್ಟಿಗೆ ಕೂರುವ ಮೊದಲು ಫೆಸಿಲಿಟೇಟರ್ ನೊಂದವರನ್ನು ಬೇರೆ, ನೋವು ಮಾಡಿದವರನ್ನು ಬೇರೆ, ಅವರವರ ಮನೆಯವರನ್ನು ಬೇರೆ ಭೇಟಿ ಮಾಡುವುದು. ಒಂದು ಸಲ ಅಲ್ಲ, ಬೇಕಾದರೆ ನಾಲ್ಕು ಸಲ. ಮದುವೆ ಮನೆ ಊಟ ಬಡಿಸೋಕೆ ಒಂದು ಗಂಟೆ, ಭಟ್ಟರು ಒಲೆ ಹಚ್ಚೋದು ಹಿಂದಿನ ದಿನವೇ ಅಲ್ವಾ? ಇದೂ ಹಾಗೇ. ಸರ್ಕಲ್ (ಎಲ್ಲರೂ ಸುತ್ತ ಕೂತು ಮಾತಾಡುವ ಸಭೆ) ಕೆಟ್ಟಿತು ಅಂತ ನನ್ನ ಹತ್ತಿರ ಬಂದು ಹೇಳಿದವರ ಕಥೆ ಬಿಡಿಸುತ್ತಾ ಹೋದರೆ ಸಾಮಾನ್ಯವಾಗಿ ತಪ್ಪಿರುವುದು ತಯಾರಿಯಲ್ಲಿ. ಹುಡುಗ ಒಪ್ಪಿಕೊಂಡಿದ್ದಾನೆ ಅಂತ ಅಮ್ಮ ಹೇಳಿದ್ದನ್ನು ನಂಬಿಕೊಂಡಿರುತ್ತಾರೆ. ಅಥವಾ ನೊಂದವರು ಯಾರದೋ ಮುಲಾಜಿಗೆ ಬಂದಿರುತ್ತಾರೆ.

ಆದರೂ ಹೆಚ್ಚಿನ ತರಬೇತಿಗಳಲ್ಲಿ ತಯಾರಿಗೆ ಸಿಗುವುದು ಊಟಕ್ಕೆ ಮುಂಚಿನ ಒಂದು ಸ್ಲೈಡು. ಸರ್ಕಲ್ ನೋಡೋಕೆ ಚೆನ್ನಾಗಿರುತ್ತದೆ, ಫೋಟೋಕ್ಕೂ ಬರುತ್ತದೆ. ತಯಾರಿ ಅಂದರೆ ಕಾಮಾಕ್ಷಿಪಾಳ್ಯದ ಒಂದು ಕೋಣೆಯ ಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ ಪಕ್ಕದ ಮನೆಯವರಿಗೆ ಕೇಳಿಸದ ಹಾಗೆ ಮಾತಾಡೋದು. ಅದನ್ನು ಯಾರು ಫೋಟೋ ತೆಗೆಯುತ್ತಾರೆ?

ತಯಾರಿ ಭೇಟಿಯನ್ನು ತರಗತಿಯಲ್ಲಿ ಕಲಿಸೋದು ಹೇಗೆ?

ಪಾತ್ರ ಮಾಡಿಸಿ. ಆದರೆ ಸುಮ್ನೆ "ನೀವು ಕಳ್ಳ, ನೀವು ಮಾಲೀಕ" ಅಂತ ಹಂಚಿದರೆ ನಾಟಕ ಆಗುತ್ತದೆ. ಪ್ರತಿ ಪಾತ್ರಕ್ಕೂ ಒಂದು ಚೀಟಿ ಕೊಡಿ. ಅದರಲ್ಲಿ ಫೆಸಿಲಿಟೇಟರ್‌ಗೆ ಗೊತ್ತಿಲ್ಲದ ಒಂದು ವಿಷಯ ಇರಲಿ. ಕೇಳುವ ರೀತಿ ಸರಿ ಇದ್ದರೆ ಮಾತ್ರ ಅದನ್ನು ಬಿಚ್ಚಿ ಹೇಳಬೇಕು ಅನ್ನೋದು ನಿಯಮ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಹದಿನಾರು ವರ್ಷದ ಹುಡುಗ. ರಾತ್ರಿ ಡೆಲಿವರಿ ಮಾಡುವವನೊಬ್ಬನ ಫೋನ್ ಕಿತ್ತುಕೊಂಡ ಪ್ರಕರಣ. ಕಲಿಯುವವರು ಹುಡುಗನನ್ನು ಮೊದಲ ಸಲ ಭೇಟಿಯಾಗುತ್ತಿದ್ದಾರೆ.

"ನಾನೊಬ್ಬನೇ ಅಲ್ಲ ಸರ್. ಇನ್ನೂ ಇಬ್ಬರು ಇದ್ರು."

"ನೋಡಪ್ಪ, ಅವರ ವಿಷಯ ಬಿಡು. ನಿಮ್ಮಮ್ಮ ನಾಲ್ಕು ಮನೆ ಕೆಲಸ ಮಾಡಿ ನಿನ್ನ ಓದಿಸ್ತಿದ್ದಾರೆ. ಅವರ ಮುಖ ನೋಡಿಯಾದ್ರೂ..."

"ಹೂಂ ಸರ್."

"ತಪ್ಪು ಒಪ್ಕೊಂಡು ಬಿಡು. ಎಲ್ಲ ಸರಿ ಹೋಗುತ್ತೆ."

"ಹೂಂ ಸರ್."

ಇಲ್ಲಿ ನಿಲ್ಲಿಸಿ. ಹುಡುಗನ ಪಾತ್ರ ಮಾಡಿದವರನ್ನು ಕೇಳಿ, ಚೀಟಿಯಲ್ಲಿ ಏನಿತ್ತು ಅಂತ. ಇದ್ದದ್ದು ಇಷ್ಟು: ಆ ಇಬ್ಬರೂ ವಯಸ್ಸಿನಲ್ಲಿ ದೊಡ್ಡವರು. ಈಗಲೂ ದಿನಾ ಸಂಜೆ ಮನೆ ಮುಂದೆ ಬಂದು ನಿಲ್ಲುತ್ತಾರೆ. ಬಾಯಿ ಬಿಟ್ಟರೆ ತಂಗಿಯನ್ನು ನೋಡಿಕೊಳ್ಳುತ್ತೇವೆ ಅಂದಿದ್ದಾರೆ.

ಮೊದಲ ಮಾತಿಗೇ ಹುಡುಗ ಬಾಗಿಲು ತೆರೆದಿದ್ದ. ಬುದ್ಧಿಮಾತು ಅದನ್ನು ಮುಚ್ಚಿತು. ಈ ಸ್ಥಿತಿಯಲ್ಲಿ ಅವನನ್ನು ಸರ್ಕಲ್‌ಗೆ ಕರೆತಂದರೆ ಏನಾಗಬಹುದು ಅನ್ನೋದನ್ನು ಕಲಿಯುವವರೇ ಹೇಳಲಿ. ಆಮೇಲೆ ಅದೇ ದೃಶ್ಯ ಮತ್ತೆ ಮಾಡಿಸಿ. ಎರಡನೇ ಸಲ ಫೆಸಿಲಿಟೇಟರ್ ಆಗಿದ್ದ ಅದೇ ವ್ಯಕ್ತಿ "ಇನ್ನೂ ಇಬ್ಬರು ಇದ್ರು ಅಂದೆಯಲ್ಲ, ಅವರ ಬಗ್ಗೆ ಹೇಳ್ತೀಯಾ?" ಅಂತ ಕೇಳಿ ಸುಮ್ಮನೆ ಕೂತರು. ಸುಮ್ಮನೆ ಕೂರೋದು ಅವರಿಗೆ ಎಷ್ಟು ಕಷ್ಟ ಆಯಿತು ಅನ್ನೋದು ಕೈಯಲ್ಲಿದ್ದ ಪೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಕ್ಯಾಪ್ ತೆಗೆಯೋದು, ಹಾಕೋದು, ಮತ್ತೆ ತೆಗೆಯೋದು. ಚೀಟಿಯ ವಿಷಯ ಹೊರಗೆ ಬಂತು.

ಇನ್ನೆರಡು ಮಾತು. ಯಾರಿಗೂ ಅವರ ಸ್ವಂತ ಬದುಕಿನಲ್ಲಿ ನಡೆದದ್ದಕ್ಕೆ ಹತ್ತಿರದ ಪಾತ್ರ ಕೊಡಬೇಡಿ. ಬೇಡ ಅನ್ನುವ ಅವಕಾಶ ಎಲ್ಲರಿಗೂ ಇರಲಿ. ಪಾತ್ರ ಮುಗಿದ ಮೇಲೆ ಅದರಿಂದ ಹೊರಗೆ ಕರೆತರಬೇಕು. ಕುರ್ಚಿ ಬದಲಿಸಿ, ತಮ್ಮ ಹೆಸರು ಹೇಳಿಕೊಂಡು, ಇವತ್ತು ಮನೆಯಲ್ಲಿ ಏನು ತಿಂಡಿ ತಿಂದರು ಅಂತ ಹೇಳಲಿ. ಅರ್ಧ ಗಂಟೆ ಕಳ್ಳನಾಗಿ ಬೈಸಿಕೊಂಡವರು ಹಾಗೇ ಊಟಕ್ಕೆ ಹೋಗಬಾರದು.

"ಕಾಲಿಗೆ ಬಿದ್ದು ಕ್ಷಮೆ ಕೇಳು" ಅಂತ ಮನೆಯವರೇ ತಳ್ಳಿದರೆ?

ಇದು ಪಾಶ್ಚಾತ್ಯ ಕೈಪಿಡಿಗಳಲ್ಲಿ ಸಿಗದ ಪ್ರಶ್ನೆ, ನಮ್ಮಲ್ಲಿ ಬಂದೇ ಬರುತ್ತದೆ. ಸರ್ಕಲ್ ಚೆನ್ನಾಗಿ ಸಾಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಅಮ್ಮ ಎದ್ದು ಮಗನ ಕುತ್ತಿಗೆ ಹಿಡಿದು "ಬೀಳೋ, ಅಣ್ಣನ ಕಾಲಿಗೆ ಬೀಳು" ಅನ್ನುತ್ತಾರೆ. ಎದುರಿಗಿದ್ದವರು ಗಾಬರಿಯಾಗಿ "ಅಯ್ಯೋ ಬಿಡಿ ಬಿಡಿ, ಆಯ್ತು" ಅನ್ನುತ್ತಾರೆ. ಎಲ್ಲರ ಕಣ್ಣಲ್ಲೂ ನೀರು. ಫೆಸಿಲಿಟೇಟರ್‌ಗೆ ಕೆಲಸ ಆಯಿತು ಅನ್ನಿಸುತ್ತದೆ.

ಆಗಿಲ್ಲ. ಹುಡುಗ ತನ್ನ ಬಾಯಿಂದ ಏನೂ ಹೇಳಿಲ್ಲ. ನೊಂದವರು "ಆಯ್ತು" ಅಂದಿದ್ದು ಆ ಮುಜುಗರದಿಂದ ಪಾರಾಗೋಕೆ. ಇದನ್ನು ತರಗತಿಯಲ್ಲಿ ಮಾಡಿಸಿ ನೋಡಿ, ಏನು ಮಾಡಬೇಕು ಅಂತ ಹತ್ತು ದಾರಿ ಹೊರಗೆ ಬರುತ್ತವೆ. ನನಗೆ ಒಪ್ಪಿಗೆಯಾದದ್ದು ಇದು: ಅಮ್ಮನನ್ನು ತಡೆಯುವುದಕ್ಕಿಂತ ಅವರ ಕಡೆಗೇ ತಿರುಗುವುದು. "ಅಮ್ಮಾ, ಕೂತ್ಕೊಳ್ಳಿ. ನಿಮಗೆ ಎಷ್ಟು ಸಂಕಟ ಆಗ್ತಿದೆ ಅಂತ ಕಾಣ್ತಿದೆ. ಅದನ್ನ ಹೇಳ್ತೀರಾ?" ಅವರ ಮಾತು ಮುಗಿದ ಮೇಲೆ ಹುಡುಗನಿಗೆ ಸರದಿ. ತಯಾರಿ ಭೇಟಿಯಲ್ಲೇ "ಅಲ್ಲಿ ಯಾರೂ ಯಾರ ಕಾಲಿಗೂ ಬೀಳೋದು ಬೇಡ" ಅಂತ ಹೇಳಿಟ್ಟರೆ ಇನ್ನೂ ವಾಸಿ.

ಕ್ಷಮಿಸಲೇಬೇಕು ಅಂತ ನೊಂದವರಿಗೆ ಸೂಚನೆ ಕೂಡ ಕೊಡಬಾರದು. "ನಾನು ಕ್ಷಮಿಸಲ್ಲ, ಆದರೆ ಇನ್ನು ರಾತ್ರಿ ಆ ರಸ್ತೆಯಲ್ಲಿ ಹೋಗೋಕೆ ಹೆದರಿಕೆ ಇಲ್ಲ" ಅಂತ ಯಾರಾದರೂ ಹೇಳಿದರೆ ಅದು ಒಳ್ಳೆಯ ಸರ್ಕಲ್.

ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಟ್ಟು ಓದಿಸಬಹುದಾ?

ಬಹುದು. ಹೊಸಬರಿಗೆ ಅದೇ ಒಳ್ಳೆಯದು. ಆಸ್ಟ್ರೇಲಿಯಾದ ವಾಗಾ ವಾಗಾ ಊರಿನ ಪೊಲೀಸ್ ಅಧಿಕಾರಿ ಟೆರ್ರಿ ಓ'ಕಾನೆಲ್ 1990ರ ದಶಕದ ಶುರುವಿನಲ್ಲಿ ಇಂಥ ಪ್ರಶ್ನೆಗಳ ಸರಣಿಯನ್ನೇ ಮಾಡಿಕೊಂಡಿದ್ದರು. ಏನಾಯಿತು? ಆಗ ಏನು ಯೋಚಿಸುತ್ತಿದ್ದೆ? ಆಮೇಲೆ ಏನು ಅನ್ನಿಸಿತು? ಯಾರ್ಯಾರಿಗೆ ತೊಂದರೆಯಾಯಿತು? ಸರಿ ಮಾಡೋಕೆ ಏನು ಮಾಡಬೇಕು?

"ಯಾಕೆ ಮಾಡಿದೆ?" ಅನ್ನೋದು ಪಟ್ಟಿಯಲ್ಲಿ ಇಲ್ಲ, ಗಮನಿಸಿ. ನಮ್ಮ ಮಕ್ಕಳು ಮನೆಯಲ್ಲಿ, ಶಾಲೆಯಲ್ಲಿ, ಸ್ಟೇಷನ್‌ನಲ್ಲಿ ಕೇಳಿಕೊಂಡು ಬಂದದ್ದು ಅದನ್ನೇ. ಅದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ, ನೆಪ ಇರುತ್ತದೆ. ಪ್ರಶ್ನೆಗಳನ್ನು ಅಚ್ಚುಕಟ್ಟು ಪುಸ್ತಕದ ಕನ್ನಡದಲ್ಲಿ ಬರೆದುಕೊಡಬೇಡಿ. ಪ್ರತಿ ಕಲಿಯುವವರೂ ತಮ್ಮ ಮಾತಿನ ಕನ್ನಡದಲ್ಲಿ ಬರೆದುಕೊಂಡು ಜೋರಾಗಿ ಓದಿ ನೋಡಲಿ.

ಮಾತಿನ ಕೋಲು, ದೀಪ, ಹೂವು ಎಲ್ಲ ಬೇಕಾ?

ಕೈಯಿಂದ ಕೈಗೆ ಸಾಗುವ ಒಂದು ವಸ್ತು ಉಪಯೋಗಕ್ಕೆ ಬರುತ್ತದೆ. ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಮಾತು. ಈ ಪದ್ಧತಿ ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದದ್ದು, ಅದನ್ನು ಹೇಳಿ. ಪೂಜೆಯ ವಸ್ತುಗಳನ್ನು ನಡುವೆ ಇಡಬೇಡಿ. ಎಲ್ಲ ಧರ್ಮದವರೂ ಕೂರುವ ಜಾಗ ಅದು.

ತರಬೇತಿಗೆ ಯಾರನ್ನು ಆರಿಸಬೇಕು?

ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ 2002ರಲ್ಲಿ ಈ ಬಗ್ಗೆ ಮೂಲ ತತ್ವಗಳನ್ನು ಒಪ್ಪಿತು. ಅದರಲ್ಲಿ ಫೆಸಿಲಿಟೇಟರ್‌ಗಳಿಗೆ ಸ್ಥಳೀಯ ಸಂಸ್ಕೃತಿ, ಸಮುದಾಯಗಳ ಒಳ್ಳೆಯ ತಿಳಿವಳಿಕೆ ಇರಬೇಕು ಅನ್ನುತ್ತದೆ. ಡಿಗ್ರಿಯ ಮಾತು ಬರುವುದಿಲ್ಲ. ಹಾಗಾಗಿ ಸಮಾಜಕಾರ್ಯ ಓದಿದವರ ಜೊತೆಗೆ ಜನರಿಗೆ ಕಾನೂನು ನೆರವು ತಲುಪಿಸುವ ಪ್ಯಾರಾ ಲೀಗಲ್ ಸ್ವಯಂಸೇವಕರು, ಪ್ರೊಬೇಷನ್ ಅಧಿಕಾರಿಗಳು, ಹಾಸ್ಟೆಲ್ ವಾರ್ಡನ್‌ಗಳು, ಗಾರ್ಮೆಂಟ್ಸ್ ಸಂಘಟನೆಯ ಹೆಂಗಸರು ಎಲ್ಲರನ್ನೂ ಕರೆಯಿರಿ.

ಅರ್ಜಿ ನೋಡಿ ಆರಿಸುವುದರ ಬದಲು ಹದಿನೈದು ನಿಮಿಷ ಮಾತಾಡಿಸಿ. ಯಾರದೋ ಕಷ್ಟದ ಕಥೆ ಹೇಳಿ ಏನು ಕೇಳುತ್ತೀರಿ ಅನ್ನಿ. ಪ್ರಶ್ನೆ ಕೇಳಿದವರನ್ನು ಸೇರಿಸಿಕೊಳ್ಳಿ. ಪರಿಹಾರ ಹೇಳಿದವರನ್ನೂ ಬಿಡಬೇಡಿ, ಆದರೆ ಅಂಥವರೇ ತುಂಬಿಕೊಂಡ ಬ್ಯಾಚ್ ಬೇಡ. ಒಂದು ಬ್ಯಾಚಿಗೆ ಹದಿನಾರು ಜನ ದಾಟಿದರೆ ಎಲ್ಲರಿಗೂ ಅಭ್ಯಾಸದ ಸರದಿ ಬರುವುದಿಲ್ಲ.

ಜಾತಿ, ವರ್ಗ, ಲಿಂಗದ ಬಗ್ಗೆ ಬೇರೆ ಕ್ಲಾಸ್ ಇಡಬೇಕಾ?

ಒಂದು ಕ್ಲಾಸ್ ಇಟ್ಟು ಕೈತೊಳೆದುಕೊಳ್ಳುವುದು ಸುಲಭ. ಪ್ರತಿ ಪಾತ್ರಾಭಿನಯದಲ್ಲೂ ಅದು ಇರಬೇಕು. ಅಪಾರ್ಟ್‌ಮೆಂಟ್‌ನಲ್ಲಿ ಸರ ಕಳೆದುಹೋಗಿದೆ, ಮನೆಕೆಲಸದ ಅಕ್ಕನ ಮೇಲೆ ಅನುಮಾನ, ಎಲ್ಲರೆದುರು ಅವರ ಬ್ಯಾಗ್ ತೆಗೆಸಿ ನೋಡಿದ್ದಾರೆ. ಸರ ಆಮೇಲೆ ಬೀರುವಿನಲ್ಲೇ ಸಿಕ್ಕಿದೆ. ಇಲ್ಲಿ ನೊಂದವರು ಯಾರು? ಈ ದೃಶ್ಯ ಮಾಡಿಸುವಾಗ ಒಬ್ಬರನ್ನು ಸುಮ್ಮನೆ ನೋಡೋಕೆ ಕೂರಿಸಿ. ಫೆಸಿಲಿಟೇಟರ್ ಯಾರಿಗೆ "ನೀವು" ಅಂದರು, ಯಾರಿಗೆ "ನೀನು" ಅಂದರು? ಒಳ್ಳೆಯ ಕುರ್ಚಿ ಯಾರಿಗೆ ಹೋಯಿತು? ಅಕ್ಕನಿಗೆ ಟೀ ಪೇಪರ್ ಕಪ್‌ನಲ್ಲಿ, ಮಾಲೀಕರಿಗೆ ಪಿಂಗಾಣಿ ಕಪ್‌ನಲ್ಲಿ ಬಂತಾ? ಭೇಟಿಯ ಸಮಯ ಯಾರ ಅನುಕೂಲಕ್ಕೆ ಇಟ್ಟರು? ಒಂದು ದಿನದ ಸಂಬಳ ಯಾರದು ಹೋಯಿತು? ನೋಡಿದವರು ಇದನ್ನು ಓದುವಾಗ ತರಗತಿ ತಣ್ಣಗಾಗುತ್ತದೆ, ಏಕೆಂದರೆ ಯಾರೂ ಬೇಕಂತ ಮಾಡಿರುವುದಿಲ್ಲ.

ಜಾತಿ ದೌರ್ಜನ್ಯದ ಪ್ರಕರಣವನ್ನು ನಮ್ಮ 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಿಂದ ತಪ್ಪಿಸಿ ಸರ್ಕಲ್‌ಗೆ ತರಲು ಯಾರಾದರೂ ನೋಡಿದರೆ ಅದಕ್ಕೆ ಕೈ ಹಾಕಬಾರದು. ಇದನ್ನು ಮೊದಲ ದಿನವೇ ಹೇಳಿ.

ಕಾನೂನು ಎಷ್ಟು ಗೊತ್ತಿರಬೇಕು?

ವಕೀಲರಷ್ಟು ಬೇಡ. ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವಷ್ಟು ಬೇಕು. ಅರ್ಧ ದಿನ ಒಬ್ಬ ವಕೀಲರನ್ನು ಕರೆಸಿ ಇಷ್ಟನ್ನು ಹೇಳಿಸಿ.

2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಕೋರ್ಟಿನ ದಾರಿ ಬಿಟ್ಟು ಬೇರೆ ಕ್ರಮಗಳಿಗೆ ಒತ್ತು ಕೊಡಬೇಕು ಅನ್ನೋ ತತ್ವ ಇದೆ. 18ನೇ ಸೆಕ್ಷನ್ ಪ್ರಕಾರ ಬಾಲನ್ಯಾಯ ಮಂಡಳಿ ಆಪ್ತಸಮಾಲೋಚನೆ, ಸಮುದಾಯ ಸೇವೆಗೆ ಆದೇಶ ಮಾಡಬಹುದು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ವಿಚಾರಣೆಗೆ ನಾಲ್ಕು ತಿಂಗಳ ಗಡುವು, ಹೆಚ್ಚೆಂದರೆ ಇನ್ನೆರಡು ತಿಂಗಳು. ತಯಾರಿ ಭೇಟಿಗಳು ಈ ಕ್ಯಾಲೆಂಡರಿನೊಳಗೆ ಆಗಬೇಕು. 74ನೇ ಸೆಕ್ಷನ್ ಪ್ರಕಾರ ಮಗುವಿನ ಗುರುತು ಎಲ್ಲೂ ಹೊರಬೀಳುವಂತಿಲ್ಲ. ತರಬೇತಿಯಲ್ಲಿ ನಿಜ ಪ್ರಕರಣ ಹೇಳುವಾಗಲೂ ಇದು ಅನ್ವಯ, ವಾಟ್ಸಾಪ್ ಗುಂಪಿಗೂ ಅನ್ವಯ.

ದೊಡ್ಡವರ ವಿಷಯಕ್ಕೆ ಬಂದರೆ, ಯಾವ ಅಪರಾಧದಲ್ಲಿ ರಾಜಿ ಆಗಬಹುದು ಅನ್ನೋ ಪಟ್ಟಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಸೆಕ್ಷನ್‌ನಲ್ಲಿದೆ. ಉಳಿದವುಗಳಲ್ಲಿ ಸರ್ಕಲ್ ನಡೆದರೂ ಕೇಸು ತಾನಾಗಿ ಮುಗಿಯುವುದಿಲ್ಲ. "ಕೂತು ಮಾತಾಡಿದರೆ ಕೇಸ್ ಹೋಗುತ್ತೆ" ಅಂತ ಯಾವ ಫೆಸಿಲಿಟೇಟರೂ ಬಾಯಿ ತಪ್ಪಿಯೂ ಹೇಳಕೂಡದು.

ಸರ್ಕಲ್‌ಗೆ ಬಂದದ್ದನ್ನೇ ಮುಂದೆ ತಪ್ಪೊಪ್ಪಿಗೆ ಅಂತ ಬಳಸಬಾರದು, ಆಡಿದ ಮಾತು ಗುಟ್ಟಾಗಿರಬೇಕು ಅನ್ನೋದು ವಿಶ್ವಸಂಸ್ಥೆಯ 2002ರ ತತ್ವಗಳಲ್ಲಿದೆ. ಆದರೆ ಅದು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವ ಕಾನೂನಲ್ಲ. ಹಾಗಾಗಿ ಹುಡುಗನ ವಕೀಲರಿಗೆ ಮೊದಲೇ ತಿಳಿಸಿ, ಎಲ್ಲರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡೇ ಮುಂದುವರಿಯಿರಿ.

ಲೈಂಗಿಕ ದೌರ್ಜನ್ಯದ ಪ್ರಕರಣ ಬಂದರೆ?

ಮಗುವಿನ ಮೇಲೆ ನಡೆದದ್ದಾದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ತಯಾರಿ ಭೇಟಿಯ ಮೊದಲ ಐದು ನಿಮಿಷದಲ್ಲೇ "ನೀವು ಹೇಳಿದ್ದು ಗುಟ್ಟಾಗಿರುತ್ತದೆ, ಆದರೆ ಇಂಥ ವಿಷಯ ಗೊತ್ತಾದರೆ ನಾನು ತಿಳಿಸಬೇಕಾಗುತ್ತದೆ" ಅಂತ ಹೇಳಿಬಿಡಬೇಕು. ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿ.

ಕೆಲಸದ ಜಾಗದ ಕಿರುಕುಳಕ್ಕೆ 2013ರ ಕಾಯ್ದೆಯ 10ನೇ ಸೆಕ್ಷನ್‌ನಲ್ಲಿ ಸಂಧಾನಕ್ಕೆ ದಾರಿ ಇದೆ, ಆದರೆ ದೂರು ಕೊಟ್ಟ ಮಹಿಳೆಯೇ ಕೇಳಿದರೆ ಮಾತ್ರ. ಹಣದ ಲೆಕ್ಕದಲ್ಲಿ ಮುಗಿಸುವಂತಿಲ್ಲ. ಗಂಡ ಹೆಂಡತಿಯನ್ನು ಹೊಡೆಯುವ ಪ್ರಕರಣಗಳನ್ನು ಹೊಸ ಫೆಸಿಲಿಟೇಟರ್‌ಗಳ ಕೈಗೆ ಕೊಡಲೇಬೇಡಿ. ಎದುರಿಗೆ ಕೂತಾಗ ಒಂದು ಕಣ್ಸನ್ನೆಯಲ್ಲೇ ಬೆದರಿಕೆ ಹಾಕಬಹುದು, ಪಕ್ಕದಲ್ಲಿದ್ದವರಿಗೆ ಕಾಣುವುದೂ ಇಲ್ಲ. ಇವೆಲ್ಲ ಮೂಲ ತರಬೇತಿಯ ಪಾತ್ರಾಭಿನಯದಲ್ಲೂ ಬೇಡ.

ತರಬೇತಿ ನಡುವೆ ಯಾರಾದರೂ ಅತ್ತರೆ, ಕುಸಿದರೆ?

ಆಗುತ್ತದೆ. ಇಬ್ಬರು ತರಬೇತುದಾರರು ಇರಬೇಕು ಅನ್ನೋದು ಇದಕ್ಕೇ. ಒಬ್ಬರು ಅವರ ಜೊತೆ ಹೊರಗೆ ಹೋಗಲಿ, ಇನ್ನೊಬ್ಬರು ತರಗತಿ ನೋಡಿಕೊಳ್ಳಲಿ. ಮುಂದಿನ ಸಹಾಯಕ್ಕೆ ನಿಮ್ಹಾನ್ಸ್ ಇದೇ ಊರಲ್ಲಿದೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಇದೆ, ಮಕ್ಕಳಿಗೆ 1098 ಸಹಾಯವಾಣಿ ಇದೆ. ಗೋಡೆ ಮೇಲೆ ಬರೆದು ಅಂಟಿಸಿ. ಜೊತೆಗೆ ಕಲಿಯುವವರಿಗೆ ಒಂದು ಮಾತು ಸ್ಪಷ್ಟ ಮಾಡಿ: ಫೆಸಿಲಿಟೇಟರ್ ಆಪ್ತಸಮಾಲೋಚಕರಲ್ಲ. ಗಾಯ ಗುರುತಿಸಿ ಸರಿಯಾದ ಕಡೆ ಕಳಿಸಿದರೆ ಅವರ ಕೆಲಸ ಅಲ್ಲಿಗೆ ಆಯಿತು.

ಯಾವ ಭಾಷೆಯಲ್ಲಿ ನಡೆಸಬೇಕು?

ಪಾಠ ಕನ್ನಡದಲ್ಲಿ. ಪಾತ್ರಾಭಿನಯ ಅವರವರ ಮನೆ ಮಾತಿನಲ್ಲಿ. ಈ ಊರಿನಲ್ಲಿ ಒಂದೇ ಪ್ರಕರಣದಲ್ಲಿ ಅಮ್ಮ ತಮಿಳು, ಮಗ ಕನ್ನಡ, ಫೋನ್ ಕಳೆದುಕೊಂಡವನು ಹಿಂದಿ ಮಾತಾಡಬಹುದು. ಅರ್ಥ ಹೇಳುವವರನ್ನು ಇಟ್ಟುಕೊಂಡು ಸರ್ಕಲ್ ನಡೆಸುವುದನ್ನು ಒಂದು ಸಲವಾದರೂ ಅಭ್ಯಾಸ ಮಾಡಿಸಿ. ಮನೆಯ ಮಗುವನ್ನೇ ಅರ್ಥ ಹೇಳೋಕೆ ಕೂರಿಸುವ ಹಾಗಿಲ್ಲ.

ಆನ್‌ಲೈನ್‌ನಲ್ಲಿ ಮಾಡಬಹುದಾ? ಜಾಗ ಎಂಥದ್ದು ಬೇಕು?

ಕಾನೂನು, ಇತಿಹಾಸ ಆನ್‌ಲೈನ್ ಆಗಲಿ. ಉಳಿದದ್ದು ಬೇಡ. ಮೈಕ್ ಮ್ಯೂಟ್ ಮಾಡಿಕೊಂಡು ಮೌನ ಕಲಿಯೋಕೆ ಆಗಲ್ಲ.

ಜಾಗಕ್ಕೆ ದುಡ್ಡು ಸುರಿಯಬೇಡಿ. ಸರ್ಕಾರಿ ಶಾಲೆಯ ಕೋಣೆ, ಸಮುದಾಯ ಭವನ ಸಾಕು. ಮೇಜಿಲ್ಲದೆ ಸುತ್ತ ಕುರ್ಚಿ ಹಾಕುವಷ್ಟು ಜಾಗ, ಪಕ್ಕದಲ್ಲಿ ಎರಡು ಸಣ್ಣ ಕೋಣೆ, ನೆಲಮಹಡಿ, ಮೆಟ್ರೋ ನಿಲ್ದಾಣದಿಂದ ನಡೆಯುವಷ್ಟು ದೂರ. ಹತ್ತು ಗಂಟೆಗೆ ಶುರು ಮಾಡಿ ನಾಲ್ಕೂವರೆಗೆ ಬಿಟ್ಟುಬಿಡಿ. ಸಿಲ್ಕ್ ಬೋರ್ಡ್ ದಾಟಿ ಬಂದವರಿಗೆ ಒಂಬತ್ತು ಗಂಟೆಗೆ ಸಹನೆಯ ಪಾಠ ಮಾಡಬೇಡಿ, ಅವರು ಆಗಲೇ ಒಂದು ಪೂರ್ತಿ ಕೋರ್ಸ್ ಮುಗಿಸಿರುತ್ತಾರೆ.

ಇದು ನಿಜವಾಗಿ ಕೆಲಸ ಮಾಡುತ್ತಾ? ದುಡ್ಡು ಕೊಡುವವರು ಪುರಾವೆ ಕೇಳುತ್ತಾರೆ.

ಅಪರಾಧಶಾಸ್ತ್ರಜ್ಞರಾದ ಹೀದರ್ ಸ್ಟ್ರ್ಯಾಂಗ್, ಲಾರೆನ್ಸ್ ಶರ್ಮನ್ ಮತ್ತು ಜೊತೆಗಾರರು 2013ರಲ್ಲಿ ಮುಖಾಮುಖಿ ಸಭೆಗಳ 10 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮತ್ತೆ ತಪ್ಪು ಮಾಡುವುದು ಸ್ವಲ್ಪ ಮಟ್ಟಿಗೆ ಕಡಿಮೆಯಾಗಿತ್ತು, ನೊಂದವರಿಗೆ ಬರೀ ಕೋರ್ಟಿನ ದಾರಿಗಿಂತ ಹೆಚ್ಚು ಸಮಾಧಾನ ಸಿಕ್ಕಿತ್ತು. ಅವೆಲ್ಲ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕದವು. ಇಲ್ಲಿಯ ಪುರಾವೆ ಇಲ್ಲೇ ಕೂಡಿಸಬೇಕು. ಅದಕ್ಕೇ ತರಬೇತಿಯ ಬಜೆಟ್‌ನಲ್ಲೇ ಸರ್ಕಲ್ ಮುಗಿದು ಮೂರು ತಿಂಗಳ ನಂತರ ಎರಡೂ ಕಡೆಯವರನ್ನು ಹೋಗಿ ಕೇಳುವ ಖರ್ಚು ಸೇರಿಸಿ. "ಎಷ್ಟು ಜನಕ್ಕೆ ತರಬೇತಿ ಕೊಟ್ಟೆವು" ಅನ್ನೋ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ.

ಸರ್ಟಿಫಿಕೇಟ್ ಯಾವಾಗ ಕೊಡಬೇಕು?

ಐದನೇ ದಿನ ಹಾಜರಿ ಪತ್ರ ಮಾತ್ರ ಕೊಡಿ. ಫೆಸಿಲಿಟೇಟರ್ ಅಂತ ಬರೆದ ಪತ್ರ, ಅನುಭವಿಗಳ ಜೊತೆ ಕೂತು ಕೆಲವು ನಿಜ ಪ್ರಕರಣಗಳ ತಯಾರಿಯಿಂದ ಕೊನೆಯವರೆಗೆ ಮಾಡಿದ ಮೇಲೆ. ಯಾವುದಾದರೂ ಪ್ರಕರಣದಲ್ಲಿ "ಇವರನ್ನು ಈಗ ಕೂರಿಸುವುದು ಬೇಡ" ಅಂತ ನಿರ್ಧರಿಸಿದ್ದರೆ ಅದನ್ನೂ ಪೂರ್ತಿ ಅಂಕ ಕೊಟ್ಟು ಲೆಕ್ಕಕ್ಕೆ ಹಿಡಿಯಿರಿ. ಇಲ್ಲದಿದ್ದರೆ ಪತ್ರದ ಆಸೆಗೆ ಎಲ್ಲರನ್ನೂ ಎಳೆದು ತಂದು ಕೂರಿಸುತ್ತಾರೆ.

ಅಳೆಯೋಕೆ ಒಂದು ಸುಲಭ ದಾರಿ: ಪಾತ್ರಾಭಿನಯದ ಆಡಿಯೋ ರೆಕಾರ್ಡ್ ಮಾಡಿ, ಫೆಸಿಲಿಟೇಟರ್ ಒಟ್ಟು ಎಷ್ಟು ನಿಮಿಷ ಮಾತಾಡಿದರು ಅಂತ ಅವರೇ ಕೇಳಿ ಬರೆದುಕೊಳ್ಳಲಿ. ನಿಜ ಪ್ರಕರಣದಲ್ಲಿ ಮಾತ್ರ ಯಾವತ್ತೂ ರೆಕಾರ್ಡ್ ಮಾಡಬೇಡಿ.

ತರಬೇತಿ ಮುಗಿದ ಮೇಲೆ?

ತಿಂಗಳಿಗೊಮ್ಮೆ ಸೇರುವ ಸಭೆ ಬೇಕು. ಗುರುತು ಬಿಟ್ಟುಕೊಡದೆ ತಮ್ಮ ಪ್ರಕರಣ ತಂದು ಮಾತಾಡುವ ಜಾಗ. ಬೆಂಗಳೂರಿನಲ್ಲಿ ಎನ್‌ಫೋಲ್ಡ್‌ನಂಥ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ, ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಒಂಟಿಯಾಗಿ ಶುರು ಮಾಡುವ ಬದಲು ಇಂಥವರ ಜೊತೆ ಕೈಜೋಡಿಸಬಹುದು. ಸಭೆಗೆ ಬರುವವರಿಗೆ ಬಸ್ಸು, ಆಟೋ ಖರ್ಚು ಕೊಡಿ. ಸ್ವಯಂಸೇವೆ ಅಂತ ಹೇಳಿ ಅದನ್ನು ಅವರ ತಲೆಗೆ ಕಟ್ಟಿದರೆ ಮೂರನೇ ತಿಂಗಳಿಗೆ ಸಂಬಳ ಇರುವವರಷ್ಟೇ ಉಳಿಯುತ್ತಾರೆ. ಮೂರು ಸಭೆ ಸತತ ತಪ್ಪಿಸಿದವರಿಗೆ ಹೊಸ ಪ್ರಕರಣ ಕೊಡಬೇಡಿ, ಎಷ್ಟೇ ಒಳ್ಳೆಯ ಮಾತುಗಾರರಾದರೂ ಸರಿ.